ಮಾತಿಲ್ಲದ ಚೌಕಾಶಿ

ಕಂಡಕ್ಟರ್ ಮಾವ ಎಂದೇ ಬೀದಿಯವರೆಲ್ಲ ಕರೆಯುತ್ತಿದ್ದ ಅವನ ಗಂಟಲು ಒಂದು ಕಾಲಕ್ಕೆ ಊರಿಗೇ ಪರಿಚಿತವಾಗಿತ್ತು. ಕಿಕ್ಕಿರಿದ ಬಸ್ಸಿನ ಹಿಂಬಾಗಿಲಲ್ಲಿ ನಿಂತು, "ಒಳಗೆ ಬನ್ನಿ, ಬೇಕಾದಷ್ಟು ಜಾಗ ಇದೆ!" ಎಂದು ಅವನು ಕೂಗಿದರೆ ಇಲ್ಲದ ಜಾಗವೂ ಹುಟ್ಟಿಕೊಳ್ಳುತ್ತಿತ್ತು. ಅಂಥ ಗಂಟಲಿಗೇ ಗಡ್ಡೆ ಬಂತು. ಡಾಕ್ಟರು ಆಪರೇಷನ್ ಮಾಡಿ ಜೀವ ಉಳಿಸಿಕೊಟ್ಟರು. ದನಿ ಮಾತ್ರ ಅವರ ಕೈಗೂ ದಕ್ಕಲಿಲ್ಲ.

ನಿಜವಾದ ಫಜೀತಿ ಶುರುವಾದದ್ದು ಮನೆಗೆ ಬಂದ ಮೇಲೆ. ನೋಡಲು ಬಂದವರೆಲ್ಲ, ಅವನ ಕಿವಿಯೂ ಹೋಗಿದೆಯೇನೋ ಎಂಬಂತೆ ಕಿರುಚಿ ಮಾತಾಡಿಸುತ್ತಿದ್ದರು. ಷಡ್ಡಕನಂತೂ ಎದುರು ಕೂತು "ಊ...ಟ ಆ...ಯ್ತಾ?" ಎಂದು ಮಗುವಿಗೆ ಕಲಿಸುವ ಹಾಗೆ ಕೇಳಿದ. ಮಗಳು ತಂದುಕೊಟ್ಟ ಪುಟ್ಟ ಬೋರ್ಡಿನ ಮೇಲೆ ಅವನು ಬರೆದು ತೋರಿಸುವ ಹೊತ್ತಿಗೆ ಮಾತು ಎರಡು ಸ್ಟಾಪು ದಾಟಿಹೋಗಿರುತ್ತಿತ್ತು.

ಹೆಂಡತಿಯದು ಇನ್ನೊಂದು ಬಗೆ. ಅವನು ಕೈ ಎತ್ತುವಷ್ಟರಲ್ಲಿ ಅವಳ ಬಾಯಿಂದ ಉತ್ತರ ಹೊರಟಿರುತ್ತಿತ್ತು. "ಅವ್ರಿಗೆ ಟೀ ಬೇಡ." "ಅವ್ರಿಗೆ ಸುಸ್ತಾಗಿದೆ." ಪಾಪ, ಪ್ರೀತಿಯಿಂದಲೇ ಹೇಳುತ್ತಿದ್ದಳು. ಆದರೆ ಅವನಿಗೆ ಸುಸ್ತಾಗಿರುತ್ತಿರಲಿಲ್ಲ, ಟೀಯೂ ಬೇಕಾಗಿರುತ್ತಿತ್ತು. ಬರಬರುತ್ತ ಅವನು ಕೈ ಎತ್ತುವುದನ್ನೂ ಬಿಟ್ಟ. ಮನೆಯ ಹೊಸ್ತಿಲು ದಾಟುವುದನ್ನಂತೂ ಯಾವತ್ತೋ ಬಿಟ್ಟಿದ್ದ.

ಹೀಗಿರುವಾಗ ಹೆಂಡತಿ ಅಟ್ಟದ ಡಬ್ಬಿ ತೆಗೆಯಲು ಸ್ಟೂಲ್ ಹತ್ತಿ ಬಿದ್ದು ಕಾಲು ಉಳುಕಿಸಿಕೊಂಡಳು. ತರಕಾರಿ ಬುಟ್ಟಿ ಬರಿದಾಗಿತ್ತು. ವಿಧಿಯಿಲ್ಲದೆ ಚೀಲ ಹಿಡಿದು ಅವನೇ ಹೊರಟ.

ಬೀದಿಯ ಕೊನೆಗೆ, ತಗಡಿನ ಮಾಡಿನ ಕೆಳಗಿತ್ತು ಆ ಮಾರ್ಕೆಟ್ಟು. ಎಲ್ಲೆಲ್ಲಿಂದಲೋ ಬಂದು ನೆಲೆಸಿದವರ ಅಂಗಡಿಗಳು. ಒಂದೊಂದು ಬೋರ್ಡಿನ ಮೇಲೆ ಒಂದೊಂದು ಲಿಪಿ. ಅವನಿಗೆ ಓದಲು ಬಂದದ್ದು ಎರಡೋ ಮೂರೋ. ಅವನು ಎಂದೂ ನೋಡಿರದ ಗಂಟುಗಂಟು ಗೆಡ್ಡೆಗಳು, ಮೊಳದುದ್ದದ ಹಸಿರು ಕಾಯಿಗಳು, ಮೂಗಿಗೆ ಹತ್ತುವ ಒಣ ಸೊಪ್ಪಿನ ವಾಸನೆ. ಚೀಲವನ್ನು ಎದೆಗವುಚಿಕೊಂಡು ನಡೆದ. ಯಾರಾದರೂ ಏನಾದರೂ ಕೇಳಿಬಿಟ್ಟರೆ?

ತರಕಾರಿಯವಳು ಅಗಲ ಮುಖದ, ಒಂದು ಬೆಳ್ಳಿಹಲ್ಲಿನ ಹೆಂಗಸು. ಅವಳು ಏನನ್ನೂ ಕೇಳಲಿಲ್ಲ. ಅವನು ಬದನೆಕಾಯಿ ಎತ್ತಿಕೊಂಡ ಕೂಡಲೇ ಬೆರಳು ಬಿಡಿಸಿ ಬೆಲೆ ತೋರಿಸಿದಳು. ಅವನು ಕಾಯಿ ತಿರುಗಿಸಿ ಹುಳುಕಿನ ತೂತು ತೋರಿಸಿದ. ಅವಳು ಹಣೆ ಚಚ್ಚಿಕೊಂಡು ಒಂದು ಬೆರಳು ಮಡಚಿದಳು. ಅವನು ಚೀಲ ಹೆಗಲಿಗೇರಿಸಿ ಹೊರಟವನ ಹಾಗೆ ನಾಟಕ ಮಾಡಿದ. ಅವಳು ನಕ್ಕು ಇನ್ನೊಂದು ಬೆರಳೂ ಮಡಚಿದಳು.

ಆಗ ಅವನು ಸುತ್ತ ನೋಡಿದ. ಪಕ್ಕದಲ್ಲಿ ಈರುಳ್ಳಿ ಆರಿಸುತ್ತಿದ್ದವನಿಗೆ ಗಂಟಲು ಗಟ್ಟಿಯಾಗಿಯೇ ಇತ್ತು; ಅವನೂ ಬೆರಳಲ್ಲೇ ಮಾತಾಡುತ್ತಿದ್ದ. ಆಚೆಯ ಮುದುಕಿ ಮೀನಿನವನಿಗೆ ಬಾಲ ಕತ್ತರಿಸೆಂದು ಕೈಯಲ್ಲೇ ಕೊಚ್ಚಿ ತೋರಿಸುತ್ತಿದ್ದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದ ಆ ಗದ್ದಲದಲ್ಲಿ ಅವನೊಬ್ಬನೇ ಮೂಗ ಎಂದು ಗುರುತಿಸುವವರೇ ಇರಲಿಲ್ಲ. ಅವನಿಗೆ ಅಲ್ಲೇ ಕೂತು ಅತ್ತುಬಿಡೋಣ ಎನ್ನಿಸಿತು. ಅಳುವ ಬದಲು ಬೇಕಿಲ್ಲದ ಕುಂಬಳಕಾಯಿಗೂ ಚೌಕಾಶಿ ಮಾಡಿದ.

ಆಮೇಲೆ ಅವನಿಗೆ ದಿನವೂ ಏನಾದರೊಂದು ತರುವುದಿರುತ್ತಿತ್ತು. "ಕೊತ್ತಂಬರಿ ನಿನ್ನೆನೇ ತಂದ್ರಲ್ಲ?" ಎಂದು ಹೆಂಡತಿ ಕೇಳುವಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿರುತ್ತಿತ್ತು.

ಹೆಂಡತಿಯ ಕಾಲು ವಾಸಿಯಾಯಿತು. ಒಂದು ಬೆಳಿಗ್ಗೆ ಅವಳೂ ಜೊತೆಗೆ ಬಂದಳು. ತರಕಾರಿಯವಳು ಅವನನ್ನು ಕಂಡು ಕೈಯಾಡಿಸುತ್ತಿದ್ದ ಹಾಗೇ ಇವಳು ಅಭ್ಯಾಸದಂತೆ ಮುಂದೆ ನುಗ್ಗಿದಳು.

"ಅವ್ರಿಗೆ ಮಾತು ಬರಲ್ಲಮ್ಮ. ಏನಿದ್ರೂ ನನ್ನ ಕೇಳಿ."

ಬೆಳ್ಳಿಹಲ್ಲಿನವಳಿಗೆ ತಲೆಬುಡ ತಿಳಿಯಲಿಲ್ಲ. ಎದುರಿನ ಬೇಳೆ ಅಂಗಡಿಯವನನ್ನು ಕೂಗಿ ಕರೆದಳು. ಅವನಿಗೆ ನಾಲ್ಕು ಭಾಷೆ ಬರುತ್ತಿತ್ತು, ನಾಲ್ಕೂ ಅರ್ಧರ್ಧ. ಅವನು ವಿಷಯ ಮುಟ್ಟಿಸಿದ್ದೇ ತಡ, ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗುವಿನ ಮಧ್ಯೆ ಏನೇನೋ ಹೇಳಿದಳು.

"ಏನಂತೆ?" ಹೆಂಡತಿಗೆ ಸ್ವಲ್ಪ ಸಿಟ್ಟೇ ಬಂದಿತ್ತು.

"ಮಾತು ಬರಲ್ವಾ, ಈ ಮನುಷ್ಯನಿಗಾ, ಅಂತಾಳೆ," ಎಂದ ಬೇಳೆಯವನು. "ಇಡೀ ಮಾರ್ಕೆಟ್ಟಲ್ಲಿ ಇಂಥ ಬಾಯಿಬಡುಕ ಇಲ್ವಂತೆ. ಇವ್ರು ಬಂದ್ರೆ ವ್ಯಾಪಾರ ನಿಂತೇ ಹೋಗತ್ತಂತೆ. ಬಸ್ಸಿನ ಕಥೆ ಎಲ್ಲ ಕೈಯಲ್ಲೇ ಹೇಳಿದಾರಂತೆ. ನೀವು ಸ್ಟೂಲಿಂದ ಬಿದ್ದದ್ದೂ ಗೊತ್ತಂತೆ."

"ಅಯ್ಯೋ, ಅದನ್ನೂ ಹೇಳಿದ್ರಾ!"

ಕಂಡಕ್ಟರ್ ಮಾವ ಟೊಮೇಟೊ ರಾಶಿಯ ಕಡೆ ಮುಖ ತಿರುಗಿಸಿದ. ತರಕಾರಿಯವಳು ನಗು ನಿಲ್ಲಿಸಿ, ಅವನ ಹೆಂಡತಿಯನ್ನೇ ನೋಡುತ್ತ ಮೆಲ್ಲಗೆ ಇನ್ನೇನೋ ಹೇಳಿದಳು. ಬೇಳೆಯವನೂ ದನಿ ತಗ್ಗಿಸಿದ.

"ಆಸ್ಪತ್ರೇಲಿ ನೀವು ಕಬ್ಬಿಣದ ಕುರ್ಚಿ ಮೇಲೇ ಮಲಗ್ತಿದ್ರಂತೆ. ನಿದ್ದೇಲೂ ಅವ್ರ ಕೈ ಬಿಡ್ತಿರ್ಲಿಲ್ವಂತೆ. ನೀವಿಲ್ದೇ ಇದ್ರೆ ತಾನು ಇರ್ತಿರ್ಲಿಲ್ಲ ಅಂತ ಅವ್ರು ಹೇಳಿದ ದಿನ ಇವಳು ಅತ್ಬಿಟ್ಲಂತೆ."

ಹೆಂಡತಿ ಸೆರಗಿನ ತುದಿ ತಿರುಚಿದಳು. ಆಮೇಲೆ ಅವನ ಕಡೆ ತಿರುಗಿ, "ನಂಗ್ಯಾಕೆ ಹೇಳ್ಲಿಲ್ಲ?" ಎಂದಳು.

ಅವನು ಕೈ ಎತ್ತಿದ. ಅವಳು ತುಟಿ ಬಿಗಿಹಿಡಿದು ಕಾದಳು. ಅವನು ನಿಧಾನವಾಗಿ, ಎರಡೂ ಕೈಯಲ್ಲಿ, ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುವ ತನಕ ಅವಳ ಕಣ್ಣು ಆ ಕೈಗಳನ್ನು ಬಿಟ್ಟು ಕದಲಲಿಲ್ಲ. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. "ಇನ್ನೊಂದ್ಸಲ ಹೇಳಿ," ಎಂದಳು.

ಬೆಳ್ಳಿಹಲ್ಲಿನವಳು ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಉಳುಕಿದ್ದ ಕಾಲಿನವಳನ್ನು ಅದರ ಮೇಲೆ ಕೂರಿಸಿದಳು. ಹೆಂಡತಿ ಅವಳ ಒರಟು ಕೈ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಕೃತಜ್ಞತೆ ಹೇಳಲು ಇನ್ನೊಂದು ಕೈಯನ್ನು ಹೇಗೆಹೇಗೋ ಆಡಿಸಿದಳು. ತರಕಾರಿಯವಳು ಎರಡು ಕಟ್ಟು ಮೂಲಂಗಿ ಎತ್ತಿ ಕೊಟ್ಟಳು.

"ಅಲ್ಲಮ್ಮ, ಮೂಲಂಗಿ ಅಲ್ಲ!"

ಬೇಳೆಯವನು ಗಿರಾಕಿ ಬಂದರೆಂದು ಹೊರಟುಹೋಗಿದ್ದ. ಕಂಡಕ್ಟರ್ ಮಾವ ಚೀಲ ಕೆಳಗಿಟ್ಟು ಇಬ್ಬರು ಹೆಂಗಸರ ನಡುವೆ ಬಂದು ನಿಂತ. ಹೆಂಡತಿಯ ಮಾತನ್ನು ತನ್ನ ಕೈಯಲ್ಲಿ ತರಕಾರಿಯವಳಿಗೆ ದಾಟಿಸತೊಡಗಿದ.