ನಾಲ್ಕು ಬೆರಳು ಜಲ್ಲಿ

"ಹಳೇ ದಾರೀಲೇ ಹೋಗಪ್ಪ," ಎಂದಳು ಮಗಳು, ಶವದ ವ್ಯಾನಿನ ಬಾಗಿಲು ಎಳೆದುಕೊಳ್ಳುತ್ತ.

"ಹೊಳೆಯಾಚೆ ನಮ್ಮೂರ ಮೇಲೆ ಹೋದ್ರೆ ಅರ್ಧ ಗಂಟೆ ಉಳಿಯುತ್ತೆ ಅಕ್ಕ. ರಸ್ತೆ ಬೆಣ್ಣೆ ಹಾಗಿದೆ," ಎಂದ ಚಾಲಕ.

"ಗೊತ್ತು, ಮಾಡ್ಸಿದ್ದೇ ಅಪ್ಪ. ನಿಮ್ಮೂರೋರು ಹಾಕಿದ ಶಾಪಾನೂ ಗೊತ್ತು. ಇವತ್ತಾದ್ರೂ ಅವರ ಬಾಯಿಗೆ ಬೀಳೋದು ಬೇಡ."

ತಾಯಿ ಗಂಡನ ಪಾದದ ಬಳಿ ಕುಳಿತಿದ್ದಳು. ಸರ್ಕಾರದ ರಸ್ತೆಗಳನ್ನು ತಪಾಸಣೆ ಮಾಡುತ್ತ ಮೂವತ್ತು ವರ್ಷ ಸವೆದ ಪಾದ.

*

ವರ್ಷಗಳ ಹಿಂದೆ, ಹೊಳೆಯಾಚೆಯ ಆ ರಸ್ತೆಗೆ ಟಾರು ಬಿದ್ದ ಮರುದಿನವೇ ಅವರು ಹಾರೆ ಹಿಡಿದು ಹೋಗಿ ಮೂರು ಕಡೆ ಅಗೆದರು. ಅಡಿಯಲ್ಲಿ ಜಲ್ಲಿ ನಾಲ್ಕು ಬೆರಳು ಕಡಿಮೆ. "ಕಿತ್ತು ಮತ್ತೆ ಹಾಕಿ," ಎಂದರು. ಗುತ್ತಿಗೆದಾರ ಕಿತ್ತ; ಮತ್ತೆ ಹಾಕಲು ವರ್ಷ ಎಳೆದ. ಕೆಸರಲ್ಲಿ ಗಾಡಿ ಹೂತಾಗಲೆಲ್ಲ ಬೈಗುಳ ಈ 'ಹಾರೆ ಸಾಹೇಬ್ರಿ'ಗೆ.

"ಚೆನ್ನಾಗಿದ್ದ ರಸ್ತೆ ಹಾಳು ಮಾಡಿದ್ರಲ್ಲ, ನಿಮ್ಮನೇ ದುಡ್ಡಾ?" ಎಂದು ಚಹಾ ಅಂಗಡಿಯಾಕೆ ಜಗಳಕ್ಕೆ ಬಂದಳು.

"ನಿಮ್ಮನೇದೂ ಹೌದಲ್ವಾ ತಾಯಿ?"

ಅವತ್ತಿನಿಂದ ಆಕೆ ಅವರಿಗೆ ಕುಡಿಯಲು ನೀರೂ ಕೊಡಲಿಲ್ಲ. ಅವರು ಮನೆಯಿಂದಲೇ ಒಯ್ಯುತ್ತಿದ್ದರು. ಕೊನೆಗೂ ರಸ್ತೆ ಮುಗಿದಾಗ ಜೀಪಿನಲ್ಲಿ ಲೋಟದ ತುಂಬ ನೀರಿಟ್ಟುಕೊಂಡು ಉದ್ದಕ್ಕೂ ಓಡಾಡಿ, ಒಂದು ಹನಿಯೂ ಚೆಲ್ಲದ್ದನ್ನು ಕಂಡು, ಅದನ್ನು ಆಕೆಯ ಅಂಗಡಿಯೆದುರೇ ಕುಡಿದು ಸಹಿ ಹಾಕಿದರಂತೆ. ಹೆಂಡತಿಗೆ ಹೇಳುವಾಗ ಮಗುವಿನಂತೆ ನಕ್ಕಿದ್ದರು.

*

"ಹೊಸ ರಸ್ತೇಲೇ ನಡಿಯಪ್ಪ," ಎಂದಳು ತಾಯಿ.

"ಯಾರಾದ್ರೂ ಏನಾದ್ರೂ ಅಂದ್ರೆ, ಅಮ್ಮ?"

"ಅನ್ನಲಿ. ನಿಮ್ಮಪ್ಪನಿಗೆ ಅದೇನು ಹೊಸದಾ?"

ಚಾಲಕ ತನ್ನೂರಿನ ಯಾರಿಗೋ ಫೋನ್ ಮಾಡಿ ಗಾಡಿ ತಿರುಗಿಸಿದ.

ಹೊಳೆಯಾಚೆ ಬಸ್ ನಿಲ್ದಾಣದ ಬಳಿ ಜನ ರಸ್ತೆಗೆ ಅಡ್ಡ ನಿಂತಿದ್ದರು. ಮಗಳು ತಾಯಿಯ ಕೈ ಬಿಗಿಯಾಗಿ ಹಿಡಿದುಕೊಂಡಳು. ಚಹಾ ಅಂಗಡಿಯಾಕೆ, ಈಗ ತಲೆ ನರೆತ ಮುದುಕಿ, ಕಿಟಕಿಯ ಬಳಿ ಬಂದಳು.

"ಹನ್ನೊಂದು ಮಳೆಗಾಲ ಕಳೀತಮ್ಮ, ಒಂದು ಗುಂಡಿ ಬಿದ್ದಿಲ್ಲ. ನನ್ನ ಸೊಸೆ ಎರಡು ಸಲ ಹೆರಿಗೆಗೆ ಇದೇ ರಸ್ತೇಲಿ ಹೋದ್ಲು. ಹೇಳ್ಬೇಕು ಅಂತಿದ್ದೆ. ಯಾವ ಮುಖ ಇಟ್ಕೊಂಡು ಹೇಳ್ಲಿ? ಅವತ್ತು ನನ್ನಂಗಡಿ ಮುಂದೆ ಮನೆ ನೀರು ಕುಡಿದ್ರಲ್ಲ..."

ಕೈಯಲ್ಲಿದ್ದ ಲೋಟ ಚಾಚಿದಳು. ಅಂಚಿನವರೆಗೂ ನೀರು.

ತಾಯಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ವ್ಯಾನಿನ ನೆಲದ ಮೇಲೆ, ಗಂಡನ ಪಾದದ ಬಳಿ ಇಟ್ಟಳು. ಜನ ದಾರಿ ಬಿಟ್ಟರು. ವ್ಯಾನು ಊರು ದಾಟಿತು, ತಿರುವು ದಾಟಿತು. ಮಗಳು ಲೋಟದಿಂದ ಕಣ್ಣು ಕೀಳಲಿಲ್ಲ.

ಸ್ಮಶಾನದ ಗೇಟಿನಲ್ಲಿ ಗಾಡಿ ನಿಂತಾಗ ಲೋಟದ ಸುತ್ತ ನೆಲ ಒಣಗಿಯೇ ಇತ್ತು.