ಹೊಂಗೆಯ ಹೆಸರು ಹೊಲಿದ ಚೀಲಗಳು

ಚೀಲ ಒಂದಕ್ಕೆ ಬಟ್ಟೆ ಮೂವತ್ತೆರಡು ರೂಪಾಯಿ, ಹೊಲಿಗೆ ಒಂಬತ್ತು, ಮೇಲಿನ ಎಂಬ್ರಾಯ್ಡರಿಗೆ ಇಪ್ಪತ್ತು. ಅಸಲೇ ಅರವತ್ತೊಂದು. ರಾಯದುರ್ಗದಲ್ಲಿ ಪ್ಯಾಂಟು ಹೊಲಿಯುವವರು ಬೀದಿಗೊಬ್ಬರು, ಎಂಬ್ರಾಯ್ಡರಿ ಮಷೀನು ಹಾಕಿದವರು ಅಪರೂಪ. ಪದ್ಮಾವತಮ್ಮನ ಹೊಸ ಮಷೀನಿಗೆ ಮಡಕಶಿರದ ಕಾಲೇಜೊಂದರ ಇನ್ನೂರು ಚೀಲವೇ ಮೊದಲ ದೊಡ್ಡ ಕೆಲಸ. ಇದು ಕೆಟ್ಟರೆ ಆ ಕಡೆಯಿಂದ ಮತ್ತೊಬ್ಬ ಗಿರಾಕಿ ಬರುವುದಿಲ್ಲವೆಂದು ಆಕೆಗೆ ಗೊತ್ತಿತ್ತು.

ಕಾಲೇಜಿನವರು ಹೊಂಗೆ ತೋಪು ಹಾಕುವವರಿದ್ದರು. ಬಂದವರಿಗೆ ಒಂದೊಂದು ಸಸಿ, ಚೀಲದ ಸಮೇತ. ಚೀಲದ ಮೇಲೆ ತೆಲುಗಿನಲ್ಲಿ ಕಾನುಗ, ಕನ್ನಡದಲ್ಲಿ ಹೊಂಗೆ, ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಶಾಸ್ತ್ರೀಯ ಹೆಸರು: ಪೊಂಗಾಮಿಯಾ ಪಿನ್ನಾಟಾ.

ಇನ್ನೂರೂ ಮುಗಿದ ಮಧ್ಯಾಹ್ನ ಆಕೆ ಒಂದರ ಫೋಟೊ ಕಳಿಸಿದಳು. ಕೆಲಸ ಕೊಟ್ಟಿದ್ದ ಸಸ್ಯಶಾಸ್ತ್ರದ ಮೇಷ್ಟ್ರು ಲೋಕನಾಥ್ ಕೂಡಲೇ ಫೋನ್ ಮಾಡಿದ.

"ಎಡವಟ್ಟಾಯ್ತು ಕಣಮ್ಮ. ನಾನು ಬರೆದುಕೊಟ್ಟಿದ್ದು ಹಳೇ ಹೆಸರು. ಪುಸ್ತಕದಾಗೆ ಈಗ ಮಿಲೆಟಿಯಾ ಪಿನ್ನಾಟಾ ಅಂತ ಐತೆ."

"ಯಾಕ್ರಿ ಸರ, ಹೊಂಗಿ ಏನು ಮದುವಿ ಆಗೇತೇನು, ಹೆಸರು ಬದಲಾಗಾಕ?"

ಆಕೆಯ ಮಾತು ಮುಗಿಯುವಷ್ಟರಲ್ಲಿ ಹಿಂದೆ ಪರ್‌ ಪರ್‌ ಎಂಬ ಸದ್ದು. ಗಿರಾಕಿ ತಪ್ಪು ಅಂದ ಕೂಡಲೇ ವಾದ ಮಾಡದೆ ಹೊಲಿಗೆ ಬಿಚ್ಚುವುದು ಆ ಅಂಗಡಿಯ ರೂಢಿ. ಸ್ಪೀಕರಿನಲ್ಲಿ ಮಾತು ಕೇಳಿದ ಸೊಸೆ ವನಿತಾ ಬ್ಲೇಡ್ ಹಿಡಿದು ಕೂತುಬಿಟ್ಟಿದ್ದಳು.

"ಏ, ನಿಲ್ಲಸು!"

ಅಷ್ಟರಲ್ಲಿ ಮೂರು ಅಕ್ಷರ ಹೋಗಿದ್ದವು. ಅವಿದ್ದ ಜಾಗದಲ್ಲಿ ಸೂಜಿಯ ತೂತುಗಳು ಸಾಲಾಗಿ ಕಾಣುತ್ತಿದ್ದವು.

ಪದ್ಮಾವತಮ್ಮ ದನಿ ತಗ್ಗಿಸಿದಳು. "ಸರ, ಬಿಚ್ಚಿದ ಮ್ಯಾಲ ಈ ತೂತು ಮುಚ್ಚೋದಿಲ್ರಿ. ನಮ್ಮ ಬಟ್ಟಿ ರೇಟು ಹೋದ ತಿಂಗಳದ್ದು ಈ ತಿಂಗಳು ನಡಿಯಂಗಿಲ್ಲ. ನಿಮ್ಮ ಪುಸ್ತಕದ ಮಾತು ಇವತ್ತಿಗೂ ನಡಿತೈತೇನು, ಒಂದ್ಸಲ ನೋಡ್ರಿ."

"ಅದೂ ಸರೀನೇ. ಇರಿ, ನೋಡ್ತೀನಿ."

ಪದ್ಮಾವತಮ್ಮ ಫೋನು ಇಟ್ಟಳು. ವನಿತಾ ತಲೆ ತಗ್ಗಿಸಿಕೊಂಡೇ, "ಅತ್ತಿ, ಬೈದಾದ್ರೂ ಬಿಡ್ರಿ," ಅಂದಳು.

"ಬೈದ್ರ ಅಕ್ಷರ ವಾಪಸ್ ಬರ್ತಾವೇನು? ಹೋಗು, ಚಾ ಇಡು."

ಚಹಾ ಕುದಿಯುವ ಹೊತ್ತಿಗೆ ಫೋನು ಬಂತು. ಲೋಕನಾಥ್ ನಗುತ್ತಿದ್ದ.

"ಬದುಕಿದ್ವಿ ಕಣಮ್ಮ! ಲೋಕದ ಗಿಡಗಳ ಹೆಸರೆಲ್ಲ ತಿದ್ದಿ ಇಡೋ ವೆಬ್‌ಸೈಟ್ ನೋಡ್ದೆ. ನಡುವೆ ಹೊಂಗೇನ ಮಿಲೆಟಿಯಾ ಗುಂಪಿಗೆ ಸೇರಿಸಿದ್ರು. ಆಮೇಲೆ ಪರೀಕ್ಷೆ ಮಾಡಿ, ಅಲ್ಲೀದಲ್ಲ ಅಂತ ವಾಪಸ್ ತಂದವ್ರೆ. ಈಗ ನೀವು ಹೊಲ್ದಿರೋದೇ ನಡೆಯೋ ಹೆಸರು. ನಮ್ಮ ಪುಸ್ತಕ ಆ ನಡುವಿನ ಕಾಲದ್ದು."

"ಹಂಗಾದ್ರ ಹೊಂಗಿ ತವರಿಗೆ ಬಂದಾಳ ಅನ್ರಿ!"

ಪದ್ಮಾವತಮ್ಮ ಎರಡು ಲೋಟ ಚಹಾ ಕುಡಿದಳು. ಸಂಜೆ ಒಂದು ಚೀಲ ಹೊಸದಾಗಿ ಹೊಲಿದು ಇನ್ನೂರು ತುಂಬಿಸಿದರು, ಬೆಳಿಗ್ಗೆ ಮೂಟೆ ಬಸ್ಸು ಹತ್ತಿತು. ವಾರದೊಳಗೆ ಮಡಕಶಿರದಿಂದಲೇ ಇನ್ನೊಂದು ಕೆಲಸ ಬಂತು. ತೂತು ಬಿದ್ದ ಚೀಲದಲ್ಲಿ ವನಿತಾ ಈಗ ತರಕಾರಿ ತರುತ್ತಾಳೆ. ನಷ್ಟ ಅರವತ್ತೊಂದು ರೂಪಾಯಿ, ಅಷ್ಟೇ.