ಪೆನ್ಸಿಲಿನಲ್ಲಿ ಬರೆದ ನೋಟು

ನಾನು ದರ್ಜಿ. ಮೂವತ್ತೆಂಟು ವರ್ಷ ಊರವರ ಸೊಂಟ, ಕುತ್ತಿಗೆ ಅಳೆದವನು. ಈ ಪರದೇಶಕ್ಕೆ ಬಂದು ಮೂರು ದಿನವಾದರೂ ಯಾರ ಜೊತೆಯೂ ನಾಲ್ಕು ಮಾತಾಡಿಲ್ಲ. ಎದುರಿಗೆ ಬರುವವನ ಕಾಲರು ಸೊಟ್ಟಗಿದ್ದರೂ ಹೇಳುವಂತಿಲ್ಲ. ಹೇಳಿದರೆ ಯಾರಿಗೆ ಅರ್ಥವಾಗಬೇಕು?

ಈ ಪ್ರವಾಸ ನನ್ನ ಹೆಂಡತಿಯ ಹಟ. ಕಾಜಾ ಹೊಲಿದು, ಗುಂಡಿ ಹಚ್ಚಿ ಉಳಿಸಿದ ಪುಡಿಗಾಸಿನಲ್ಲಿ ನಾಲ್ಕು ವರ್ಷ ಡಾಲರ್ ಕೊಂಡಿಟ್ಟಳು. ಮನೆಗೆ ಬಂದ ನೋಟಿನ ಮೂಲೆಯಲ್ಲಿ ಅದು ಯಾವುದಕ್ಕೆಂದು ಪೆನ್ಸಿಲಿನಲ್ಲಿ ಬರೆಯುವುದು ಅವಳ ಚಾಳಿ: ಹಾಲು, ಕರೆಂಟು, ನೂಲು. ಹಾಲಿನ ನೋಟಿನಲ್ಲಿ ನಾನು ಬೀಡಿ ತಂದರೆ ಅವತ್ತು ದೊಡ್ಡ ರಾಮಾಯಣ.

ಟಿಕೆಟ್ಟು ಕೊಂಡ ದಿನವೇ ಜಗಳವಾಯಿತು. ಊರೂರು ಸುತ್ತುವುದಕ್ಕಿಂತ ಹೊಸ ಮಷೀನು ಮುಖ್ಯ ಅಂತ ನಾನು ರೇಗಿದೆ. ಮಾತು ಬಿಟ್ಟೆವು. ನಮ್ಮಲ್ಲಿ ಯಾವಾಗಲೂ ಮೊದಲು ಮಾತಾಡಿಸುವವಳು ಅವಳೇ. ಈ ಸಲವೂ ಬರುತ್ತಾಳೆಂದು ಮುಖ ಊದಿಸಿಕೊಂಡು ಕೂತೆ. ಐದನೇ ದಿನ ಬೆಳಿಗ್ಗೆ ಅವಳು ಏಳಲಿಲ್ಲ.

"ಅಮ್ಮ ಕೂಡಿಟ್ಟ ದುಡ್ಡು, ಹೋಗಿ ಬಾ ಅಪ್ಪ" ಎಂದು ಮಗಳು ಕಳಿಸಿದಳು. ಮಗಳು ಖರ್ಚಿಗೆಂದು ಕೈಗಿಟ್ಟ ದುಡ್ಡು ಮೂರು ದಿನಕ್ಕೆ ಮುಗಿಯಿತು. ಹೆಂಡತಿಯ ಡಾಲರಿನ ಕಟ್ಟನ್ನು ಬಿಚ್ಚಿ ನೋಡುವ ಧೈರ್ಯ ನನಗೆ ಅಲ್ಲಿಯವರೆಗೂ ಬಂದಿರಲಿಲ್ಲ.

ಮಧ್ಯಾಹ್ನದೊಳಗೆ ಉಳಿದ ನಾಲ್ಕು ರಾತ್ರಿಯ ಬಾಡಿಗೆ ಕಟ್ಟಬೇಕಿತ್ತು. ಕಟ್ಟು ಬಿಚ್ಚಿ, ಬರಹ ಓದದೆ ಎಣಿಸಿದೆ: ಐದು ನೋಟು, ಬ್ಯಾಂಕಿನ ರೇಟಿನಲ್ಲಿ ಎರಡು ರಾತ್ರಿಗಷ್ಟೇ ಸಾಲುತ್ತಿತ್ತು. ಲಾಡ್ಜಿನವನೇ ಗುಟ್ಟಾಗಿ ಹಿಂದಿನ ಗಲ್ಲಿಯ ಗಡಿಯಾರ ರಿಪೇರಿ ಅಂಗಡಿ ತೋರಿಸಿದ. ಅಲ್ಲಿ ಡಾಲರಿಗೆ ಬ್ಯಾಂಕಿನ ದುಪ್ಪಟ್ಟು ಕೊಡುತ್ತಾರಂತೆ.

ಶಟರು ಅರ್ಧ ಇಳಿದಿತ್ತು. ಗಡಿಯಾರದವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನನ್ನ ಐದು ನೋಟುಗಳನ್ನೂ ತಿರುಗಿಸಿ ನೋಡಿದ. ಅವನದೂ ನನ್ನದೂ ಹರುಕು ಇಂಗ್ಲಿಷು. ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು:

"ಗೀಚಿದ ನೋಟು ಯಾರೂ ತಗೊಳ್ಳಲ್ಲ ಯಜಮಾನ್ರೇ. ಅರ್ಧ ರೇಟು. ಪೆನ್ಸಿಲ್ ತಾನೇ, ಬೇಕಾದ್ರೆ ಉಜ್ಜಿಬಿಡ್ತೀನಿ."

"ಉಜ್ಜಿ" ಅಂದೆ. ನನಗೆ ರೂಮಿನ ಚಿಂತೆ.

ಮೊದಲ ಎರಡು ನೋಟಿನಲ್ಲಿ 'ರೂಮು' ಎಂದಿತ್ತು. ಮೂರನೆಯದರಲ್ಲಿ 'ಇಬ್ಬರ ಊಟ'. ನಾಲ್ಕನೆಯದರಲ್ಲಿ 'ಇವರಿಗೆ ಚಪ್ಪಲಿ, ಬೇಡ ಅಂದರೂ'. ಅವನು ರಬ್ಬರಿನಿಂದ ಉಜ್ಜಿ ಉಜ್ಜಿ ಉಫ್ ಎಂದು ಊದಿದ. ಅವಳ ಗುಂಡಗಿನ ಅಕ್ಷರ ಕಪ್ಪು ಪುಡಿಯಾಗಿ ಗಡಿಯಾರದ ಸ್ಕ್ರೂಗಳ ನಡುವೆ ಬಿತ್ತು. ನಾನು ಬೆರಳು ಮಡಿಸಿ ರಾತ್ರಿಗಳ ಲೆಕ್ಕ ಹಾಕುತ್ತ ನಿಂತೆ; ನನ್ನ ಬುದ್ಧಿಯೇ ಅಷ್ಟು.

ಐದನೇ ನೋಟು ಎತ್ತಿಕೊಂಡವನು ನಕ್ಕ. "ಇದರಲ್ಲಿ ಪುರಾಣನೇ ಬರೆದಿದ್ದಾರಲ್ಲ! ಏನಂತೆ?"

ಕನ್ನಡಕ ಹಾಕಿ ಓದಿದೆ. 'ಅಲ್ಲಿ ಹೋಗಿಯೂ ಜಗಳ ಆಡಿದರೆ, ಎರಡು ಕಾಫಿ. ಈ ಸಲ ಇವರೇ ಮೊದಲು ಮಾತಾಡಿಸಬೇಕು.' ಕೆಳಗೆ ತಾರೀಕಿತ್ತು. ನಾವು ಮಾತು ಬಿಟ್ಟ ನಾಲ್ಕನೇ ದಿನದ್ದು.

ಅವನ ಕೈ ರಬ್ಬರಿನತ್ತ ಹೋಗುತ್ತಿತ್ತು. ನೋಟನ್ನು ಕಿತ್ತುಕೊಂಡೆ.

"ಇದು ಬೇಡ."

"ಯಾಕ್ರೀ? ಇದೂ ಪೆನ್ಸಿಲೇ, ಪೂರ್ತಿ ರೇಟು ಕೊಡ್ತೀನಿ!"

"ಬೇಡ ಅಂದ್ನಲ್ಲ."

ಲಾಡ್ಜಿನಲ್ಲಿ ಮೂರು ರಾತ್ರಿಗೆ ಮಾತ್ರ ಕಟ್ಟಿದೆ. ಕೊನೆಯ ರಾತ್ರಿ ವಿಮಾನ ನಿಲ್ದಾಣದ ಕುರ್ಚಿಯೇ ಗತಿ. ಅಲ್ಲಿಂದ ನೇರ ಎದುರಿನ ಹೋಟೆಲಿಗೆ ಹೋಗಿ ಎರಡು ಬೆರಳು ತೋರಿಸಿದೆ. ಎರಡು ಕಾಫಿ ಬಂತು. ಒಂದನ್ನು ಎದುರು ಕುರ್ಚಿಯತ್ತ ಸರಿಸಿದೆ.

"ಏನೇ," ಅಂದೆ, "ಕಾಫಿ ಆರಿಹೋಗುತ್ತೆ ನೋಡು."

ಪಕ್ಕದ ಮೇಜಿನವನು ತಿರುಗಿ ನೋಡಿದ. ನೋಡಲಿ, ಅವನಿಗೇನು ಗೊತ್ತು. ಆ ನಾಲ್ಕು ದಿನದಲ್ಲಿ ಒಂದೇ ಒಂದು ಸಲ ನಾನು ಇಷ್ಟು ಅಂದಿದ್ದರೆ ಸಾಕಿತ್ತು.